ಮಂಚಕ್ಕೆ ಎರಡು ತೂತು

ಗಿರಾಕಿಗಳ ಬಾಯಲ್ಲಿ ಅವನು ಅರ್ಧಿಂಚು. ಬೀರು ಮಾಡಲಿ, ಕಪಾಟು ಮಾಡಲಿ, ಗೋಡೆಯ ಅಳತೆಗಿಂತ ಅರ್ಧ ಇಂಚು ಕಡಿಮೆ ಮಾಡುವುದು ಅವನ ಪದ್ಧತಿ. ಗೋಡೆಯನ್ನು ನಂಬಿ ಕೆಟ್ಟವರು ಬಹಳ ಮಂದಿ, ಅರ್ಧ ಇಂಚು ಬಿಟ್ಟು ಕೆಟ್ಟವರು ಯಾರೂ ಇಲ್ಲ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಹೇಳಿ ಹೇಳಿ ಆ ಮಾತೇ ಹೆಸರಾಗಿ ಅಂಟಿಕೊಂಡಿತು. ಅವನಿಗೇನೂ ಬೇಸರವಿರಲಿಲ್ಲ, ಒಳಗೊಳಗೇ ಹೆಮ್ಮೆಯೇ ಇತ್ತು.

ಇಂಥವನು ಒಂದು ಬೆಳಿಗ್ಗೆ ಬಟ್ಟೆ ಒಗೆಯುವ ಕಂಪನಿಯೊಂದು ಮಾರಿದ ಹಳೆಯ ಸರಕು ವ್ಯಾನನ್ನು ತಂದು ಮರದ ಕೆಲಸದ ಶೆಡ್ಡಿನ ಮುಂದೆ ನಿಲ್ಲಿಸಿದ. ಎಂಜಿನ್ ಗಟ್ಟಿ, ಮೈಯೆಲ್ಲ ತಗ್ಗುದಿಣ್ಣೆ. ಒಳಗೆ ಕಾಲಿಟ್ಟರೆ ಸಾಬೂನಿನ ವಾಸನೆ. ಪಕ್ಕದ ತಗಡಿನ ಮೇಲಿನ ಬಣ್ಣದ ಅಕ್ಷರಗಳನ್ನು ಎಷ್ಟು ಕೆರೆದರೂ ‘ಕಲೆ ಉಳಿದರೆ ನಮಗೆ ಹೇಳಿ’ ಎಂಬ ಒಂದು ಸಾಲು ಹಟಹಿಡಿದು ಉಳಿದುಕೊಂಡಿತು. ಬೀರು ಸಾಗಿಸುವುದಕ್ಕೆ ತಂದದ್ದು ಎಂದು ಅವನು ಎಲ್ಲರಿಗೂ ಹೇಳಿದ. ಅದು ಶುದ್ಧ ಸುಳ್ಳು, ಅಕ್ಕನಿಗೆ ಮಾತ್ರ ಗೊತ್ತಿತ್ತು. ವ್ಯಾನ್ ತಂದದ್ದು ಭಾವನಿಗಾಗಿ, ಭಾವನ ಬೈಕಿಗಾಗಿ.

ಭಾವ ಬೈಕ್ ಮೆಕ್ಯಾನಿಕ್. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮನೆಯಿಂದ ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಹೋಗುವಾಗ, ಈ ಹುಡುಗನನ್ನು ಎಲ್ಲಾದರೂ ಹಾಸ್ಟೆಲಿಗೆ ಸೇರಿಸಿಬಿಡಿ ಎಂದು ನೆಂಟರು ಬುದ್ಧಿ ಹೇಳಿದ್ದರು. ಭಾವ ಹುಡುಗನನ್ನು ಎತ್ತಿ ಬೈಕಿನ ಟ್ಯಾಂಕಿನ ಮೇಲೆ ಕೂರಿಸಿದ, ಅಕ್ಕನನ್ನು ಹಿಂದೆ ಕೂರಿಸಿಕೊಂಡ, ಹೊರಟುಬಿಟ್ಟ. ಆಮೇಲೆ ವರ್ಷಾನುಗಟ್ಟಲೆ, ಕೇಳಿದ್ದು ಒಬ್ಬಳನ್ನು, ಜೊತೆಗೆ ಒಬ್ಬ ಉಚಿತವಾಗಿ ಸಿಕ್ಕ ಎಂದು ಬಂದವರ ಮುಂದೆಲ್ಲ ನಗಾಡುತ್ತಿದ್ದ. ಆ ಉಚಿತದವನಿಗೆ ಓದು ಹತ್ತದೆ ಹೋದಾಗ ಬೈಯಲಿಲ್ಲ, ಬಡಗಿಯ ಬಳಿ ಬಿಟ್ಟ, ಮೊದಲ ಉಳಿಯನ್ನು ತಾನೇ ಮಸೆದು ಕೈಗೆ ಕೊಟ್ಟ. ಹೆತ್ತವರ ಋಣ ತೀರಿಸಲಾಗದು ಎನ್ನುತ್ತಾರೆ. ಹೆರದೆ ಸಾಕಿದವರ ಋಣ ಅದಕ್ಕಿಂತ ಭಾರ ಎಂಬುದು ಅರ್ಧಿಂಚಿನ ಲೆಕ್ಕ, ಆ ಭಾರವನ್ನು ಅವನು ಸಂತೋಷವಾಗಿಯೇ ಹೊತ್ತಿದ್ದ.

ವರ್ಷಕ್ಕೊಮ್ಮೆ ಭಾವ ಅದೇ ಬೈಕಿನಲ್ಲಿ ದೂರದ ಬೆಟ್ಟದ ಮೇಲಿನ ಕೆರೆಗೆ ಹೋಗಿ ಬರುತ್ತಿದ್ದ. ಮೊದಲು ಮೂವರು, ಹುಡುಗ ಬೆಳೆದು ಟ್ಯಾಂಕಿನ ಮೇಲೆ ಹಿಡಿಸದಂತಾದ ಮೇಲೆ ಗಂಡಹೆಂಡತಿ ಇಬ್ಬರೇ. ಹೋದ ವರ್ಷ ಅರ್ಧ ದಾರಿಯಲ್ಲಿ ಭಾವನ ಕೈ ಜೋಮು ಹಿಡಿಯಿತು. ಬ್ರೇಕಿನ ಹಿಡಿ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ತಿಳಿಯದೆ ಗಾಡಿ ಪೊದೆಗೆ ನುಗ್ಗಿತು. ಇಬ್ಬರಿಗೂ ತರಚು ಗಾಯ ಬಿಟ್ಟರೆ ಏನೂ ಆಗಲಿಲ್ಲ. ಅದುರುವ ಯಂತ್ರಗಳನ್ನು ಹಿಡಿದು ಹಿಡಿದು ನರ ಸೋತಿದೆ, ಹತ್ತಿರದ ಓಡಾಟಕ್ಕೆ ಅಡ್ಡಿಯಿಲ್ಲ, ದೂರ ಬೇಡ ಎಂದರು ಡಾಕ್ಟರು. ಭಾವ ಹತ್ತಿರವನ್ನೂ ಬಿಟ್ಟ. ಅಂಗಡಿಯ ಬಾಗಿಲು ಎಳೆದ, ಬೈಕನ್ನು ಹಿತ್ತಲಿನ ಶೆಡ್ಡಿನಲ್ಲಿ ಸೈಡ್ ಸ್ಟ್ಯಾಂಡಿಗೆ ಒರಗಿಸಿ ಇಟ್ಟವನು ಮತ್ತೆ ಮುಟ್ಟಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಅಷ್ಟಾಗಿದ್ದರೆ ಸಹಿಸಬಹುದಿತ್ತು. ಗಾಡಿ ಕೆಟ್ಟು ನಡೆದುಕೊಂಡೇ ಟಪಾಲು ಹಂಚುತ್ತಿದ್ದ ಪೋಸ್ಟ್‌ಮ್ಯಾನಿಗೆ, ನನ್ನ ಬೈಕ್ ತಗೊಂಡುಹೋಗಿ, ನಿಂತಲ್ಲೇ ತುಕ್ಕು ಹಿಡಿಯುವುದಕ್ಕಿಂತ ನಿಮಗಾದರೂ ಆಗಲಿ ಎಂದು ಭಾವ ಹೇಳಿಬಿಟ್ಟ. ಬರುವ ತಿಂಗಳ ಮೊದಲ ಸೋಮವಾರ ಎಂದು ದಿನವೂ ಗೊತ್ತಾಯಿತು. ಮಾತು ಕೊಟ್ಟ ದಿನವೇ ಸಂಜೆ ಅಕ್ಕ ತಮ್ಮನ ಶೆಡ್ಡಿಗೆ ಬಂದು ಮರದ ಹೊಟ್ಟಿನ ಮೇಲೇ ಕುಳಿತಳು.

“ಆ ಗಾಡಿ ಸದ್ದು ಕೇಳಿದ ಮೇಲೇನೇ ನಾನು ಒಲೆ ಹಚ್ತಿದ್ದಿದ್ದು. ಅದನ್ನ ಕೊಟ್ಟ ದಿನ ಇವರು ಮುದುಕರಾಗ್ತಾರೆ ಕಣೋ. ಹಾಗಾಗೋದನ್ನ ನನ್ನ ಕೈಲಿ ನೋಡೋಕಾಗಲ್ಲ.”

ವ್ಯಾನ್ ಬಂದದ್ದು ಆ ಮಾತಿನಿಂದ. ಬೈಕನ್ನೂ ಭಾವನನ್ನೂ ಬೆಟ್ಟದ ಬುಡದವರೆಗೆ ವ್ಯಾನಿನಲ್ಲಿ ಒಯ್ಯುವುದು, ಕೊನೆಯ ಕೆಲವು ತಿರುವುಗಳನ್ನು ಮಾತ್ರ ಭಾವನೇ ಬೈಕಿನಲ್ಲಿ ಏರುವುದು, ರಾತ್ರಿ ಅಲ್ಲೇ ತಂಗುವುದು. ಒಮ್ಮೆ ಹೋಗಿ ಬಂದರೆ ಕೊಡುವ ಮಾತನ್ನು ಭಾವ ತಾನಾಗಿಯೇ ಹಿಂದಕ್ಕೆ ತೆಗೆದುಕೊಳ್ಳಬಹುದು ಎಂಬುದು ಅಕ್ಕತಮ್ಮಂದಿರ ಆಸೆ.

ಕೆಲಸಕ್ಕೆ ಇಳಿದ ಮೇಲೆ ಅರ್ಧಿಂಚಿಗೆ ತಿಳಿದದ್ದೇನೆಂದರೆ, ವ್ಯಾನಿನಲ್ಲಿ ಒಂದಾದರೂ ನೆಟ್ಟಗಿನ ಗೋಡೆ ಇಲ್ಲ. ಕೆಳಗೆ ಅಗಲ, ಮೇಲೆ ಕಿರಿದು, ನಡುವೆ ಹೊಟ್ಟೆ. ಜೀವಮಾನವೆಲ್ಲ ಚೌಕ ಪೆಟ್ಟಿಗೆಗಳನ್ನು ಮಾಡಿಕೊಂಡು ಬಂದವನು ಮಾಡಿದ ಮೊದಲ ಕಪಾಟು ಒಳಗೇ ಹೋಗಲಿಲ್ಲ. ಮೂಲೆಮಟ್ಟವನ್ನು ಮೂಲೆಗೆ ಎಸೆದು, ರಟ್ಟು ಕತ್ತರಿಸಿ ತಗಡಿಗೆ ಒತ್ತಿಹಿಡಿದು ಆಕಾರ ತೆಗೆಯುವುದನ್ನು ಹೊಸದಾಗಿ ಕಲಿತ. ತಗಡಿಗೂ ಪ್ಲೈವುಡ್ಡಿಗೂ ನಡುವೆ ಹಳೆಯ ಸೀಟುಗಳ ಸ್ಪಂಜು ತುಂಬಿದ. ನೆಲಕ್ಕೆ ಬೈಕ್ ಕಟ್ಟುವ ಕಬ್ಬಿಣದ ಬಳೆಗಳನ್ನು ಬಿಗಿದ. ಹಿಂದುಗಡೆ, ಬೈಕಿನ ಮೇಲೆ ಬರುವ ಹಾಗೆ ಎತ್ತರದಲ್ಲಿ ಒಂದು ಮಂಚ, ಎತ್ತಿ ತೆಗೆಯಬಹುದಾದ ದಪ್ಪ ಹಲಗೆಗಳದು, ಹತ್ತಲು ಅಗಲವಾದ ಮೆಟ್ಟಿಲು. ಅಕ್ಕ ಬಂದು ಬಂದು ಹಾಸಿಗೆ ಹೊಲಿದಳು.

ಮಂಚದ ಎತ್ತರಕ್ಕೆ ಬೈಕಿನ ಅಳತೆ ಬೇಕಲ್ಲ. ಭಾವ ಮಧ್ಯಾಹ್ನ ಮಲಗಿದ್ದಾಗ ಅರ್ಧಿಂಚು ಕಳ್ಳಬೆಕ್ಕಿನ ಹಾಗೆ ಹಿತ್ತಲಿನ ಶೆಡ್ಡಿಗೆ ನುಗ್ಗಿದ. ಬೈಕಿನ ಆಚೆ ಬದಿಯಲ್ಲಿ ಗೋಡೆಯವರೆಗೂ ಹಳೆಯ ಟೈರುಗಳ ರಾಶಿ. ಕೈಗೆ ಸಿಕ್ಕಿದ್ದು ಈಚೆಯ ಹಿಡಿ ಮಾತ್ರ. ನೆಲದಿಂದ ಹಿಡಿಯವರೆಗೆ ಟೇಪು ಹಿಡಿದ, ಪದ್ಧತಿಯಂತೆ ಅರ್ಧ ಇಂಚು ಬಿಡುವು ಸೇರಿಸಿದ, ಸದ್ದಿಲ್ಲದೆ ಹೊರಬಂದ.

ಆ ಸೋಮವಾರಕ್ಕೆ ಮುಂಚಿನ ಶನಿವಾರ ವ್ಯಾನ್ ಮನೆಯ ಮುಂದೆ ನಿಂತಿತು. ಭಾವ ಹೊರಗೆ ಬಂದು ಅದಕ್ಕೊಂದು ಸುತ್ತು ಹಾಕಿದ. ಒಳಗೆ ಹೋಗಿ ಮೆಟ್ಟಿಲನ್ನು ತುಳಿದು ನೋಡಿದ, ಕಬ್ಬಿಣದ ಬಳೆಗಳನ್ನು ಜಗ್ಗಿದ, ರಟ್ಟಿನ ಅಳತೆಗೆ ಬಳುಕಿ ಕೂತಿದ್ದ ಕಪಾಟಿನ ಅಂಚನ್ನು ಹೆಬ್ಬೆರಳಿನಿಂದ ಸವರಿದ. ಅಕ್ಕ ವಿಷಯ ಹೇಳಿದಳು.

“ಸೋಮವಾರ ಪೋಸ್ಟ್‌ಮ್ಯಾನ್ ಬರ್ತಾರೆ. ಮಾತು ಕೊಟ್ಟಾಗಿದೆ,” ಎಂದ ಭಾವ. “ನಡೀರಿ, ಒಂದ್ಸಲ ಹೋಗಿ ಬರೋಣ. ಕೊನೇ ಸಲ.”

ಕೊನೇ ಸಲ ಎಂಬ ಮಾತು ಕೇಳಿ ಅರ್ಧಿಂಚಿನ ಹುರುಪು ಅರ್ಧಕ್ಕಿಳಿಯಿತು. ಉಳಿದರ್ಧ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅಕ್ಕ ಬೈಕಿನ ಕನ್ನಡಿಗಳನ್ನು ಬಿಚ್ಚಿ ಟೈರುಗಳಿಗೆ ಗಾಳಿ ತುಂಬಿದಳು. ಅವನು ಗಾಡಿಯನ್ನು ಹಲಗೆಯ ಮೇಲಿಂದ ವ್ಯಾನಿನೊಳಗೆ ತಳ್ಳಿದ. ಮುಂದಿನ ಚಕ್ರ ಒಳಗೆ ಹೋಯಿತು, ಆಮೇಲೆ ಧಡ್ ಎಂದಿತು. ಹ್ಯಾಂಡಲಿನ ಎರಡೂ ತುದಿ ಮಂಚದ ಅಂಚಿಗೆ ಬಡಿದು ನಿಂತಿದ್ದವು. ಟೇಪು ಹಿಡಿದು ನೋಡಿದರೆ ನಾಲ್ಕು ಬೆರಳು ಎತ್ತರ.

ಅರ್ಧಿಂಚು ಎರಡನೇ ಸಲ ಅಳೆದ. ಟೇಪನ್ನೇ ತಿರುಗಿಸಿ ನೋಡಿದ. ಅಷ್ಟರಲ್ಲಿ ಭಾವ ಹಿತ್ತಲಿಗೆ ಹೋಗಿ, ಮಣ್ಣಿನ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಮಾಡಿದ್ದ ಗುಳಿಯನ್ನು ನೋಡಿಕೊಂಡು ವಾಪಸು ಬಂದ.

“ಓರೆಯಾಗಿ ನಿಂತಿದ್ದಾಗ ಅಳೆದ್ಯೇನೋ?”

ಅಷ್ಟೇ ಕೇಳಿದ್ದು. ಆಮೇಲೆ ಭಾವನಿಗೆ ನಗು ಬಂತು. ಬೈಕ್ ಮೂಲೆ ಸೇರಿದ ದಿನದಿಂದ ಆ ಮನೆಯಲ್ಲಿ ಯಾರೂ ಕೇಳದ ನಗು, ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣೊರೆಸಿಕೊಳ್ಳುವಷ್ಟು ನಗು. ಅಕ್ಕನೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅರ್ಧಿಂಚು ಮಾತ್ರ ತಲೆಯ ಮೇಲೆ ಕೈ ಹೊತ್ತು ಕೂತಿದ್ದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ, ಅವನ ಮಾನ ನಾಲ್ಕು ಬೆರಳಿಗೆ ಹೋಗಿತ್ತು. ಮಂಚವನ್ನು ಮೇಲೇರಿಸಿದರೆ ಮಲಗಿದವರ ಮೂಗು ಛಾವಣಿಗೆ ತಾಗುತ್ತದೆ. ಎಲ್ಲ ಕಳಚಿ ಮತ್ತೆ ಕಟ್ಟಲು ಸಮಯವಿಲ್ಲ.

ಭಾವ ನಗು ಮುಗಿಸಿ ಎದ್ದ. ಹ್ಯಾಂಡಲನ್ನು ನೋಡಿದ, ಮಂಚವನ್ನು ನೋಡಿದ, ತಮ್ಮನಂಥ ಭಾವಮೈದುನನನ್ನು ನೋಡಿದ. ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದ.

“ಕೊಯ್ಯಿ,” ಎಂದ. “ಹಿಡಿ ಬರೋ ಕಡೆ ಎರಡು ತೂತು.”

ಮುಗಿಸಿದ ಕೆಲಸಕ್ಕೆ ಗರಗಸ ಹಾಕುವುದು ಅರ್ಧಿಂಚಿಗೆ ಮಗುವಿನ ಕೆನ್ನೆಗೆ ಹೊಡೆದ ಹಾಗೆ. ಆದರೆ ಭಾವನ ಮಾತಿಗೆ ಎದುರಾಡಿ ಅಭ್ಯಾಸವಿಲ್ಲ. ಪೆನ್ಸಿಲನ್ನು ಭಾವನೇ ತೆಗೆದುಕೊಂಡು ಹಲಗೆಯ ಮೇಲೆ ಗುರುತು ಹಾಕಿದ. ಜೋಮು ಬೆರಳಿನಿಂದ ಪೆನ್ಸಿಲ್ ಜಾರಿ ಬಿತ್ತು, ಎತ್ತಿಕೊಡಲು ಬಂದವರನ್ನು ತಡೆದು ತಾನೇ ಎತ್ತಿಕೊಂಡ. ಹಲಗೆಗಳನ್ನು ತೆಗೆದು ತೂತು ಕೊಯ್ದರು, ಬೈಕನ್ನು ಒಳಗಿಟ್ಟು ಬಿಗಿದು ಮತ್ತೆ ಹಲಗೆ ಮುಚ್ಚಿದರು. ಎರಡು ಹಿಡಿಗಳೂ ತೂತಿನಿಂದ ಮೇಲೆ ಬಂದವು. ಅಕ್ಕ ಹಾಸಿಗೆಯನ್ನೂ ಕತ್ತರಿಸಿ, ಅಂಗಿಗೆ ಕಾಜಾ ಹೊಲಿದ ಹಾಗೆ ಸುತ್ತಲೂ ಅಂಚು ಹೊಲಿದಳು.

ಭಾನುವಾರ ಬೆಳಕು ಹರಿಯುವಾಗ ಹೊರಟರು. ಮಧ್ಯಾಹ್ನ ರಸ್ತೆಬದಿಯ ಮರದಡಿ ಊಟ ಮಾಡಿದ ಮೇಲೆ ಭಾವ ಮಂಚ ಹತ್ತಿ ಅಡ್ಡಾದ. ನೀರು ಕುಡಿಯಲು ಒಳಗೆ ಬಂದ ಅರ್ಧಿಂಚು ನೋಡುತ್ತಾನೆ, ಭಾವ ನಿದ್ದೆಹೋಗಿದ್ದಾನೆ, ಬಲಗೈ ಹಾಸಿಗೆಯ ತೂತಿನೊಳಗೆ ಇಳಿದು ಬೈಕಿನ ಹಿಡಿಯನ್ನು ಹಿಡಿದುಕೊಂಡಿದೆ. ನಾಳೆ ಇದು ಬೇರೆಯವರದು ಎಂದು ನೆನೆದು ಅವನು ನೀರು ಕುಡಿಯುವುದನ್ನೂ ಮರೆತ. ಸದ್ದು ಮಾಡದೆ ಹೊರಗೆ ಹೋದ.

ಬೆಟ್ಟದ ಬುಡದಲ್ಲಿ ಬೈಕ್ ಇಳಿಸಿದರು. ಕಿಕ್ ಹೊಡೆಯಲು ಅರ್ಧಿಂಚು ಮುಂದೆ ಬಂದರೆ ಭಾವ ಪಕ್ಕಕ್ಕೆ ಸರಿಸಿದ. ಅಕ್ಕ ಹಿಂದೆ ಕುಳಿತು ಎಂದಿನಂತೆ ಗಂಡನ ಹೆಗಲ ಮೇಲೆ ಒಂದು ಕೈ ಇಟ್ಟಳು. ಹಿಂದಿನಿಂದ ವ್ಯಾನ್ ಓಡಿಸುತ್ತ ಬಂದವನಿಗೆ ಕಂಡದ್ದು ಇಷ್ಟು: ಒಂದು ತಿರುವಿನಲ್ಲಿ ಭಾವ ಗಾಡಿ ನಿಲ್ಲಿಸಿದ, ಕೈ ಕೊಡವಿಕೊಂಡ, ಅಕ್ಕ ಆ ಕೈಗಳನ್ನು ತನ್ನ ಕೈಯಲ್ಲಿ ಹಿಡಿದು ಉಜ್ಜಿದಳು, ಮತ್ತೆ ಹೊರಟರು. ಎಲ್ಲೂ ಗಾಡಿ ಓಲಾಡಲಿಲ್ಲ.

ಕೆರೆಯ ದಂಡೆಯಲ್ಲಿ ಮೂವರೂ ಕುಳಿತರು. ಅಕ್ಕನಿಗೆ ನಿನ್ನೆಯಿಂದ ಒಂದು ಮಾತು ಕಾಡುತ್ತಿತ್ತು. ಗಂಡನಿಗೆ ಪಾನಾ ಎತ್ತಿಕೊಟ್ಟು ಪಳಗಿದವಳು ಅವಳು.

“ರೀ, ಹ್ಯಾಂಡಲಿನ ನಾಲ್ಕು ಬೋಲ್ಟು ಸಡಿಲ ಮಾಡಿದ್ರೆ ಅದು ಕೆಳಗೆ ಬಾಗ್ತಿತ್ತಲ್ವಾ?”

“ಬಾಗ್ತಿತ್ತು.”

“ಮತ್ತೆ ಇವನ ಕೈಲಿ ಮಂಚ ಯಾಕೆ ಕೊಯ್ಸಿದ್ರಿ?”

ಭಾವ ಕೆರೆಯ ಕಡೆ ನೋಡುತ್ತಲೇ ಹೇಳಿದ.

“ಬೋಲ್ಟು ಸಡಿಲಿಸಿದ್ರೆ ಮಂಚ ಹಾಗೇ ಇರ್ತಿತ್ತು. ನಾಳೆ ಬೈಕ್ ಹೋಗ್ತಿತ್ತು, ವ್ಯಾನಲ್ಲಿ ಇವನು ಬೀರು ತುಂಬ್ತಿದ್ದ. ಇಷ್ಟೆಲ್ಲ ಮಾಡಿಟ್ಟಿದ್ದು ನೋಡಿದ ಮೇಲೆ ಗಾಡಿ ಕೊಡೋಕೆ ನಂಗೆ ಮನಸ್ಸು ಬರ್ಲಿಲ್ಲ, ಉಳಿಸ್ಕೊಳ್ಳೋಕೆ ಒಂದು ನೆಪ ಬೇಕಿತ್ತು. ಈಗ ಹೇಳು, ಆ ತೂತಿಗೆ ಬೇರೆ ಯಾವ ಗಾಡಿ ಕೂರುತ್ತೆ?”

ಪೋಸ್ಟ್‌ಮ್ಯಾನಿಗೆ ಕೊಟ್ಟ ಮಾತನ್ನು ಅಕ್ಕ ನೆನಪಿಸಿದಳು. ಅವರ ಕೆಟ್ಟ ಗಾಡಿಯನ್ನೇ ರಿಪೇರಿ ಮಾಡಿ ಕೊಡುವುದು, ಹೇಳುವುದು ನಾನು, ಪಾನಾ ಹಿಡಿಯುವುದು ಇವನು, ನಾಳೆಯೇ ಅಂಗಡಿ ತೆಗೆಯುವುದು ಎಂದು ಭಾವ ಎಲ್ಲವನ್ನೂ ಆಗಲೇ ತೀರ್ಮಾನಿಸಿದ್ದ.

“ತೂತು ಒಲೆ ಕೆಡಿಸಿತು ಅಂತಾರೆ,” ಎಂದಳು ಅಕ್ಕ, ನಗುತ್ತಲೋ ಅಳುತ್ತಲೋ. “ನಮ್ಮನೇಲಿ ಗಾಡಿ ಉಳಿಸ್ತು.”

ಅರ್ಧಿಂಚು ಭಾವನಿಗೆ ಹೇಳಬೇಕೆಂದು ವರ್ಷಗಳಿಂದ ಕೂಡಿಟ್ಟ ಮಾತುಗಳಿದ್ದವು. ಟ್ಯಾಂಕಿನ ಮೇಲೆ ಕೂರಿಸಿದ ದಿನದ್ದು, ಮಸೆದುಕೊಟ್ಟ ಉಳಿಯದ್ದು. ಅವು ಹೊರಡುವ ಮೊದಲೇ ಭಾವ ಅವನ ಬೆನ್ನ ಮೇಲೆ ಕೈಯಿಟ್ಟ.

“ಉಚಿತವಾಗಿ ಸಿಕ್ಕಿದವನು ಅಂತ ಊರಿಗೆಲ್ಲ ಹೇಳ್ಕೊಂಡು ಬಂದೆ. ಅದು ತಮಾಷೆಗೆ ಕಣೋ. ನೀನು ಬಂದಿದ್ದು ನಮ್ಮ ಪುಣ್ಯ.”

ಮರುದಿನ ಬೆಳಿಗ್ಗೆ ಬೈಕನ್ನು ಮತ್ತೆ ಒಳಗೆ ಕಟ್ಟಿ, ಹಲಗೆ ಮುಚ್ಚಿ, ವ್ಯಾನನ್ನು ಇಳಿಜಾರಿಗೆ ಬಿಟ್ಟರು. ಅಕ್ಕ ಮುಂದೆ, ಭಾವ ಹಿಂದೆ ಮಂಚದ ಮೇಲೆ. ಮೊದಲ ತಿರುವು ಬಂದಾಗ ಅರ್ಧಿಂಚಿಗೆ ಹಿಂದಿನಿಂದ ಕಟಕ್ ಎಂದು ಒಂದು ಸದ್ದು ಕೇಳಿಸಿತು, ಎರಡನೆಯದರಲ್ಲೂ ಕೇಳಿಸಿತು. ಏನೋ ಸಡಿಲವಾಗಿರಬೇಕೆಂದು ಗಾಬರಿಯಾಗಿ, ಹಿಂದೆ ಏನೆಂದು ನೋಡು ಎಂದು ಅಕ್ಕನಿಗೆ ಹೇಳಿದ. ಅವಳು ತಿರುಗಿ ನೋಡಿ, ಸುಮ್ಮನೆ ಓಡಿಸು ಎಂದು ಕೈಸನ್ನೆ ಮಾಡಿದಳು. ಭಾವ ಮಲಗಿದಲ್ಲೇ, ಮುಂದಿನ ಗಾಜಿನಾಚೆಯ ರಸ್ತೆ ನೋಡುತ್ತ, ಪ್ರತಿ ತಿರುವಿಗೂ ಬೈಕಿನ ಬ್ರೇಕ್ ಹಿಡಿಯುತ್ತಿದ್ದ. ಆ ಸದ್ದು ಕೇಳಿದಾಗಲೆಲ್ಲ ಅರ್ಧಿಂಚು ವ್ಯಾನನ್ನು ನಿಧಾನ ಮಾಡಿದ.