ಮಾಸು ಹೂತ ಮರ

"ಮರದ ಬುಡಕ್ಕೆ ಬ್ಯಾಡ ಕಣಪ್ಪ ಕೆಂಚಯ್ಯ, ಈಚೆಗೆ ತಗಿ," ಎಂದು ಶಂಭುಲಿಂಗಯ್ಯ ಹೇಳುವಷ್ಟರಲ್ಲಿ ಗುಂಡಿಯೊಳಗೆ ಹಾರೆ ಏನಕ್ಕೋ ತಾಗಿತು.

"ಬೇರಲ್ಲ ಶಂಭಣ್ಣ, ಡಬ್ಬಿ."

ಅಗಲ ಬಾಯಿಯ ಬಿಳಿ ಪ್ಲಾಸ್ಟಿಕ್ ಡಬ್ಬಿ. ಮುಚ್ಚಳದ ಸುತ್ತ ಆಸ್ಪತ್ರೆಯ ಅಂಟುಪಟ್ಟಿ.

"ಉಪ್ಪಿನಕಾಯಿ ಹೂತಿಟ್ಟಿದ್ರೇನೋ!" ಎಂದರು ಪಕ್ಕದ ಮನೆಯ ಚಿಕ್ಕಗೌರಮ್ಮ. ಯಾರೂ ನಗಲಿಲ್ಲ. ತೋಟದ ಬದುವಿನ ಮೇಲೆ ವಿಭೂತಿ ಹಚ್ಚಿ ಕೂರಿಸಿದ್ದ ಗುರುಶಾಂತಮ್ಮನ ಶವದ ತಲೆ ತುಸು ವಾಲಿತ್ತು. ಅದನ್ನು ಸರಿಪಡಿಸುತ್ತಿದ್ದ ಮಗಳು ವರ್ಷಿಣಿಗೆ ಡಬ್ಬಿಯ ಗುರುತು ಹತ್ತಿತು.

*

ಎರಡು ವರ್ಷದ ಹಿಂದೆ ತಿಪಟೂರಿನ ನರ್ಸಿಂಗ್ ಹೋಮಿನಲ್ಲಿ ಅಮ್ಮನ ಗರ್ಭಕೋಶ ತೆಗೆದು, ಡಾಕ್ಟರು ಅದನ್ನು ಇದೇ ಡಬ್ಬಿಯಲ್ಲಿ ಅಪ್ಪನ ಕೈಗೆ ಕೊಟ್ಟಿದ್ದರು.

"ಗಡ್ಡೆ ಮಾಮೂಲಿ ಥರ ಇಲ್ಲ. ಇವತ್ತೇ ತುಮಕೂರಿನ ಲ್ಯಾಬಿಗೆ ಕೊಟ್ಟುಬನ್ನಿ."

ಆಮೇಲೆ ವರ್ಷಿಣಿ ರಿಪೋರ್ಟು ಕೇಳಿದಾಗಲೆಲ್ಲ ಅಪ್ಪ, "ಏನೂ ಇಲ್ವಂತೆ ಬುಡವ್ವ" ಎನ್ನುತ್ತಿದ್ದರು.

ಈ ವರ್ಷ ಅಮ್ಮನಿಗೆ ಉಸಿರು ಕಟ್ಟಿ ಬೆಂಗಳೂರಿಗೆ ಒಯ್ಯುವ ಹೊತ್ತಿಗೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿತ್ತು. "ಆಪರೇಷನ್ ಆದಾಗಲೇ ಪರೀಕ್ಷೆಯಲ್ಲಿ ಗೊತ್ತಾಗಿರಬೇಕಿತ್ತಲ್ಲ?" ಎಂದರು ಅಲ್ಲಿನ ಡಾಕ್ಟರು. ಅಂದಿನಿಂದ ವರ್ಷಿಣಿ ಹೆಸರೂ ಗೊತ್ತಿಲ್ಲದ ಆ ಲ್ಯಾಬನ್ನು ಶಪಿಸುತ್ತಿದ್ದಳು.

*

"ತುಮಕೂರಿಗೆ ಹೋಗ್ಲೇ ಇಲ್ವಾ ಅಪ್ಪಾಜಿ?" ಡಬ್ಬಿಯನ್ನು ಕೈಗೆತ್ತಿಕೊಂಡು ವರ್ಷಿಣಿ ಕೇಳಿದಳು.

ಶಂಭುಲಿಂಗಯ್ಯ ಮರಕ್ಕೆ ಒರಗಿದರು.

"ಕಿಬ್ಬನಹಳ್ಳಿ ಗಂಟ ಹೋಗಿದ್ದೆ ಕಣವ್ವ. ನಿಮ್ಮವ್ವ ಎಚ್ಚರ ಆಗಿದ್ದೇ ಫೋನ್ ಮಾಡಿ ಅತ್ತುಬುಟ್ಲು. ನೀನು ಮಲಗಿದ್ದ ಚೀಲ ಅಂತೆ ಅದು. ಕಂಡೋರು ಕೊಯ್ಯೋದು ಬ್ಯಾಡ, ನೀನು ಹುಟ್ಟಿದಾಗ ಮಾಸು ಹೂತ್ರಲ್ಲ, ಆ ಮರದ ಬುಡಕ್ಕೇ ಹಾಕಿ ಅಂದ್ಲು. ಬಸ್ ಇಳಿದುಬುಟ್ಟೆ."

"ಆಮೇಲಾದ್ರೂ ಹೇಳ್ಬಾರ್ದಿತ್ತಾ?"

"ಬೆಂಗಳೂರಲ್ಲಿ ಗೊತ್ತಾದ್ ಮ್ಯಾಲೆ ನನ್ ಕೈ ಹಿಡ್ಕೊಂಡ್ಲು. ಹುಡುಗೀಗ್ ಮಾತ್ರ ಹೇಳ್ಬ್ಯಾಡಿ ಅಂದ್ಲು."

ಅವರು ಡಬ್ಬಿಗಾಗಿ ಕೈ ಚಾಚಿದರು. ವರ್ಷಿಣಿ ಕೊಡಲಿಲ್ಲ.

"ಹೊತ್ತಾಯ್ತದೆ ತಾಯಿ. ಏನದು?" ಎಂದರು ಕ್ರಿಯೆ ಮಾಡಿಸಲು ಬಂದಿದ್ದ ರೇವಣಸಿದ್ದಯ್ಯ.

"ಅವ್ವಂದು," ಎಂದಳು.

ಅಮ್ಮನನ್ನು ಇಳಿಸಿ ಕೂರಿಸಿದ ಮೇಲೆ, ಸೆರಗಿನಿಂದ ಡಬ್ಬಿಯ ಮಣ್ಣು ಒರೆಸಿ, ಗುಂಡಿಯಲ್ಲಿದ್ದ ಕೆಂಚಯ್ಯನಿಗೆ ಕೊಟ್ಟಳು. ಅವನು ಅದನ್ನು ಅಮ್ಮನ ಮಡಿಲಲ್ಲಿಟ್ಟು ಬಿಲ್ವಪತ್ರೆಯಿಂದ ಮುಚ್ಚಿದ.

ಅಪ್ಪನ ಕೈ ಮತ್ತೆ ಡಬ್ಬಿಯತ್ತ ಚಾಚಿತ್ತು. ವರ್ಷಿಣಿ ಬಗ್ಗಿ, ಗುಂಡಿಗೆ ಹಾಕುವ ಮೊದಲ ಹಿಡಿ ಮಣ್ಣೆತ್ತಿ ಆ ಅಂಗೈಗೆ ಹಾಕಿದಳು. ಬೆರಳು ಮಡಚಿಕೊಳ್ಳುವವರೆಗೂ ಆ ಕೈಯನ್ನು ಹಿಡಿದುಕೊಂಡೇ ನಿಂತಳು.