ಬೆಚ್ಚಗಿಟ್ಟ ಕಾಲು

ರಕ್ತನಾಳದ ವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನಗಳಿಗೆ ಹನ್ನೆರಡು ವರ್ಷ ಓಡಾಡಿ ಡಾಕ್ಟರ್ ಶಿವಯೋಗಿಗೆ ಸಾಕಾಗಿತ್ತು. ಎಲ್ಲಿ ಹೋದರೂ ಅದೇ ತಣ್ಣನೆಯ ಸಭಾಂಗಣ, ಅದೇ ಸಪ್ಪೆ ಕಾಫಿ, ಬಂದ ಮೇಲೆ ವಾರವಿಡೀ ಸೊಂಟನೋವು. ಆದರೆ ಇನ್ನು ನಾಲ್ಕೇ ದಿನಕ್ಕಿದ್ದ ವಿಯೆನ್ನಾ ಸಮ್ಮೇಳನ ಬೇರೆ. ಕತ್ತರಿಸಬೇಕಿದ್ದ ಕಾಲುಗಳನ್ನು ಉಳಿಸಿದ ಬಗ್ಗೆ ಮೊದಲ ಸಲ ವೇದಿಕೆ ಹತ್ತಿ ಅವರೇ ಮಾತಾಡಬೇಕಿತ್ತು. ಕೊನೆಗೆ ತೋರಿಸಲು ಉಜ್ಜಪ್ಪನ ಕಾಲಿನ ಫೋಟೋ ಒಂದು ಬಾಕಿ.

ಉಜ್ಜಪ್ಪ ಕುರಿ ಕಾಯುವವ. ಸಕ್ಕರೆ ಕಾಯಿಲೆಯಿಂದ ರಕ್ತನಾಳ ಕಟ್ಟಿಕೊಂಡು ತಣ್ಣಗಾಗಿದ್ದ ಅವನ ಬಲಗಾಲನ್ನು ಶಿವಯೋಗಿ ಕಳೆದ ವರ್ಷ ಉಳಿಸಿದ್ದರು. ಫೋಟೋ ಬೇಕು ಬಾ ಎಂದು ಫೋನ್ ಮಾಡಿಸಿದರೆ ಎರಡು ಸಲ ಕೈಕೊಟ್ಟಿದ್ದ. ಸೊರಬದ ವಾರದ ಕ್ಲಿನಿಕ್ ಮುಗಿಸಿ, ಗೊಣಗಿಕೊಳ್ಳುತ್ತಲೇ ಶಿಕಾರಿಪುರದ ಕಡೆ ಕಾರು ತಿರುಗಿಸಿದರು. ತಾಳಗುಂದದ ಹತ್ತಿರ, ಮೆಕ್ಕೆಜೋಳ ಕೊಯ್ದ ಹೊಲದಲ್ಲಿ ಉಜ್ಜಪ್ಪನ ಮನೆಯವರು ಗೊಬ್ಬರಕ್ಕೆಂದು ಕುರಿ ನಿಲ್ಲಿಸಿದ್ದರು.

ಉಜ್ಜಪ್ಪ ಕುಂಟುತ್ತ ಬಂದ. ಬಲಗಾಲಿಗೆ ಸುತ್ತಿದ್ದ ಕಂಬಳಿ ತುಂಡು ಬಿಚ್ಚಿದರೆ ಎರಡು ಬೆರಳು ಕರ್ರಗಾಗಿದ್ದವು. ಶಿವಯೋಗಿ ಪಾದದ ನಾಡಿ ಹಿಡಿದು ನೋಡಿದರು. ಚೆನ್ನಾಗಿಯೇ ಬಡಿಯುತ್ತಿತ್ತು. ರಕ್ತಕ್ಕೇನೂ ತಡೆಯಿಲ್ಲ, ಇದು ಸುಟ್ಟ ಗಾಯ.

"ಏನ್ ಮಾಡ್ಕಂಡಿಯಪ್ಪ ಇದು?"

"ನೀವೇ ಹೇಳಿದ್ರಲ್ರೀ ಸಾಹೇಬ್ರೆ, ಕಾಲು ಬೆಚ್ಚಗಿಟ್ಕ ಅಂತ. ನಾವು ಬಯಲಾಗೆ ಮಲಗೋರು. ದಿನಾ ಕೆಂಡದ ಮಗ್ಗುಲಿಗೇ ಇಟ್ಕಂಡೀನಿ. ಒಂದಿನಾನೂ ತಪ್ಪಿಸಿಲ್ರೀ."

ಬಿಸಿ ಗೊತ್ತಾಗಲಿಲ್ಲವೇ ಎಂದು ಕೇಳಹೊರಟವರಿಗೆ ಉತ್ತರ ತಾನೇ ಹೊಳೆಯಿತು. ಸಕ್ಕರೆ ಕಾಯಿಲೆಯಿಂದ ಸ್ಪರ್ಶವೇ ಸತ್ತ ಕಾಲಿಗೆ ಕೆಂಡವೂ ಒಂದೇ, ಕಲ್ಲೂ ಒಂದೇ. ಬೆಚ್ಚಗಿಡು ಎಂದವರು ಬೆಂಕಿ ಬೇಡ ಎಂದಿರಲಿಲ್ಲ. ಎಲ್ಲಿ ಮಲಗುತ್ತೀಯ ಎಂದೂ ಕೇಳಿರಲಿಲ್ಲ. ಇಷ್ಟು ವರ್ಷ ಓದಿದ್ದೆಲ್ಲ ದಂಡ ಅನ್ನಿಸಿ ಅವರಿಗೆ ನಾಚಿಕೆಯಾಯಿತು.

ಉಜ್ಜಪ್ಪನ ಹೆಂಡತಿ ದ್ಯಾಮಮ್ಮ, ಕಾಲು ಉಳಿಯುತ್ತದೋ ಇಲ್ಲವೋ ಎಂದಷ್ಟೇ ಕೇಳಿದಳು. ಬೆರಳೆರಡು ಹೋಗುತ್ತವೆ, ಈಗಲೇ ಆಸ್ಪತ್ರೆಗೆ ಹೊರಟರೆ ಪಾದ ಉಳಿದೀತು ಎಂದರು. ಕುರಿಗಳನ್ನು ಮೈದುನನಿಗೆ ಒಪ್ಪಿಸಿ ಅವಳೂ ಕಾರು ಹತ್ತಿದಳು.

ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತ ಉಜ್ಜಪ್ಪನಿಗೆ ಬೇರೆಯದೇ ಚಿಂತೆ.

"ಫೋಟೋ ಬೇಕಂದಿದ್ರಲ್ಲ, ಎಡಗಾಲಿಂದು ತಗಳ್ರಿ ಸಾಹೇಬ್ರೆ. ಅದು ಚಂದಾಗೈತಿ. ಅಷ್ಟು ಜನ ದೊಡ್ಡ ಡಾಕ್ಟರ್ ಮುಂದೆ ನಿಮ್ಮ ಮರ್ಯಾದೆ ಹೋಗಬಾರ್ದು."

ಶಿವಯೋಗಿ ಕಾರು ಹೊರಡಿಸುವ ಮೊದಲು ಹಿಂದಿನ ಬಾಗಿಲಿಗೆ ಬಂದರು. ಬಲಗಾಲಿನ ಮೇಲಿನ ಕಂಬಳಿಯನ್ನು ತಾವೇ ಸರಿಸಿ, ಕರಿಬೆರಳುಗಳ ಹತ್ತಿರ ಮೊಬೈಲ್ ಹಿಡಿದರು.

"ತಪ್ಪು ನಂದು ಕಣಪ್ಪ. ಇದನ್ನೇ ತೋರಿಸ್ತೀನಿ."