ಗುರುಬಸಮ್ಮ ಬಂಡೆ ಹತ್ತಿದ್ದು

ಬಂದ ಗಂಡುಗಳನ್ನು ಬೇಡವೆನ್ನುವುದರಲ್ಲಿ ದೇಶನೂರಿನ ಗುರುಬಸಮ್ಮನದು ಎತ್ತಿದ ಕೈ. ಮಗಳು ಕೊಟ್ರಮ್ಮನನ್ನು ಕೇಳಿಕೊಂಡು ಬಂದ ಮೊದಲನೆಯವನ ಹಲ್ಲು ಸರಿಯಿರಲಿಲ್ಲ. ಎರಡನೆಯವನ ಹಲ್ಲು ಸರಿಯಿತ್ತು, ಆದರೆ ಅವನ ತಾಯಿಯ ನಾಲಿಗೆ ಸರಿಯಿರಲಿಲ್ಲ. ಮೂರನೆಯವನಲ್ಲಿ ಎಷ್ಟು ಹುಡುಕಿದರೂ ಹುಳುಕು ಸಿಗಲಿಲ್ಲ. ಇಷ್ಟು ಚೆನ್ನಾಗಿರುವವನು ನಮ್ಮ ಮನೆಗೇಕೆ ಬಂದ ಎಂದು ಅನುಮಾನಪಟ್ಟು ಅವನನ್ನೂ ಸಾಗಹಾಕಿದಳು.

ನಾಲ್ಕನೆಯ ಸಂಬಂಧ ತಂದವನು ಅವಳ ಚಿಕ್ಕಪ್ಪನ ಮಗ ಗಾದೆಪ್ಪ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿದ್ದ ಅವನಿಗೆ ದಿನವಿಡೀ ಗಿರಾಕಿಗಳ ಮುಂದೆ ಸೀರೆ ಬಿಚ್ಚಿ ಬಿಚ್ಚಿ, ಯಾವುದರ ಹೊಳಪನ್ನು ಮೊದಲು ತೋರಿಸಬೇಕು, ಯಾವುದರ ತೂತನ್ನು ಕೊನೆಗೆ ತೋರಿಸಬೇಕು ಎನ್ನುವುದು ಕರಗತವಾಗಿತ್ತು.

"ಹುಡುಗ ಕುರುಗೋಡಿನವ ಅಕ್ಕಾ, ಎರ್ರಿಸ್ವಾಮಿ ಅಂತ. ನಮ್ಮ ಪೈಕಿನೇ. ಮನಿ ಛಲೋ ಐತಿ. ಬೀಡಿ ಇಲ್ಲ, ಇಸ್ಪೀಟ್ ಇಲ್ಲ."

"ಉದ್ಯೋಗ ಏನು?"

ಗಾದೆಪ್ಪ ಒಂದು ಚೊಂಬು ನೀರು ತರಿಸಿ ಕುಡಿದ.

"ಗುಡ್ಡ ಹತ್ತತಾನ."

"ಹತ್ತಿ ಏನು ಮಾಡ್ತಾನ?"

"ಇಳೀತಾನ."

ಗುರುಬಸಮ್ಮ ಒಳಗೆ ಹೋಗಿ ಗಾದೆಪ್ಪನಿಗೆಂದು ಇಟ್ಟಿದ್ದ ಬೆಲ್ಲದ ಹೋಳಿಗೆಯ ತಟ್ಟೆಯನ್ನು ಮತ್ತೆ ಗೂಡಿನಲ್ಲಿ ಮುಚ್ಚಿಟ್ಟು ಬಂದಳು. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಬಾಗಿಲ ಹಿಂದೆ ನಿಂತಿದ್ದ ಕೊಟ್ರಮ್ಮ ಹುಡುಗನನ್ನು ಆಗಲೇ ನೋಡಿದ್ದಳು. ಹಿಂದಿನ ವರ್ಷ ಸಿರುಗುಪ್ಪದಲ್ಲಿ ನೆಂಟರ ಮದುವೆಯಾದಾಗ, ಏಣಿಯಿಲ್ಲದೆ ಛತ್ರದ ಗೋಡೆ ಹತ್ತಿ ಮೈಕಿನ ತುತ್ತೂರಿ ಕಟ್ಟಿದವನು ಇವನೇ. ಮದುವೆಗೆ ಬಂದವರೆಲ್ಲ ಮದುಮಗನನ್ನು ನೋಡುತ್ತಿದ್ದರೆ ಕೊಟ್ರಮ್ಮ ಮಾತ್ರ ಕತ್ತೆತ್ತಿ ತುತ್ತೂರಿಯ ಕಡೆಗೆ ನೋಡುತ್ತಿದ್ದಳು.

"ಯವ್ವಾ, ಕೊಟ್ರ ಅಲ್ಲೇ ಕೊಡು," ಎಂದಳು ಅವಳು. "ಇಲ್ಲಂದ್ರ ಇನ್ನ ಯಾರನ್ನೂ ಕರಸಬ್ಯಾಡ. ನಾನು ಇಲ್ಲೇ ನಿನ್ನ ಕೂಡ ಜಗಳ ಆಡಿಕೋತ ಇರತೀನಿ."

ಗುರುಬಸಮ್ಮನಿಗೆ ನಿಜಕ್ಕೂ ಕಸಿವಿಸಿಯಾಯಿತು. ಮಗಳ ಮಾತು ಒಮ್ಮೆ ಆಡಿದರೆ ಮುಗಿಯಿತು, ಹಿಂದಕ್ಕೆ ಹೋಗುವಂಥದ್ದಲ್ಲ. ಉದ್ಯೋಗವಿಲ್ಲದವನು ಎಂದು ಗುರುಬಸಮ್ಮ ಹೊರಗೆ ಮೂಗು ಮುರಿದಳೇ ಹೊರತು ಒಳಗಿನ ಸಂಕಟವೇ ಬೇರೆ. ಅವಳ ಗಂಡ ಮರಿಬಸಪ್ಪ ಅಂಜಿಕೆ ಅನ್ನುವುದೇ ಗೊತ್ತಿಲ್ಲದ ಗಂಡಸೆಂದು ಸುತ್ತ ಹಳ್ಳಿಗಳಲ್ಲಿ ಹೆಸರಾಗಿದ್ದ. ಕೊಟ್ರಮ್ಮ ಇನ್ನೂ ತೊಟ್ಟಿಲಲ್ಲಿದ್ದಾಗ, ತುಂಬಿ ಬಂದ ಹೊಳೆಯಲ್ಲಿ ತೇಲುತ್ತಿದ್ದ ಒಂದು ಮರದ ದಿಮ್ಮಿಗಾಗಿ ದಡದಲ್ಲಿದ್ದವರ ಮುಂದೆ ಮೀಸೆ ತಿರುವಿ ಹಾರಿದ. ದಿಮ್ಮಿ ದಡ ಸೇರಿತು, ಮರಿಬಸಪ್ಪ ಸೇರಲಿಲ್ಲ. ಅಂದಿನಿಂದ ಗಂಡಸರ ಧೈರ್ಯವೆಂದರೆ ಅವಳಿಗೆ ಮೈಯೆಲ್ಲ ಉರಿ. ಗುಡ್ಡ ಹತ್ತುವವನಿಗೆ ಮಗಳನ್ನು ಕೊಟ್ಟು, ಅವನು ಬಿದ್ದು, ತನ್ನ ಹಾಗೆಯೇ ಬಳೆ ಒಡೆದು ಬರಿಗೈ ಮಾಡಿಕೊಂಡು ಅವಳೂ ಮನೆಗೆ ಬಂದರೆ? ಈ ಮಾತನ್ನು ಬಾಯಿಬಿಟ್ಟು ಹೇಳಲು ಅವಳಿಗೇ ಹೆದರಿಕೆ. ಆದ್ದರಿಂದ ಉದ್ಯೋಗ ಉದ್ಯೋಗ ಎಂದು ಬಡಿದುಕೊಂಡಳು.

"ನಾನೇ ಹೋಗಿ ನೋಡತೀನಿ. ಅದು ಉದ್ಯೋಗ ಅಲ್ಲ ಅಂತ ಆದ್ರ ನೀನೂ ಬಾಯಿ ಮುಚ್ಚಬೇಕು," ಎಂದು ಮಗಳಿಂದ ಮಾತು ತೆಗೆದುಕೊಂಡು, ಗಾದೆಪ್ಪನನ್ನು ಎಬ್ಬಿಸಿಕೊಂಡು ಹೊರಟಳು. ಸಿರುಗುಪ್ಪದಿಂದ ಬರುವ ಬಸ್ಸು ಹಿಡಿದು ಬಳ್ಳಾರಿಗೆ ಬಂದು, ಗಾದೆಪ್ಪನ ಮನೆಯಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಮತ್ತೊಂದು ಬಸ್ಸು ಹತ್ತಿ ಕುರುಗೋಡಿಗೆ ಇಳಿದರು.

ಹುಡುಗ ಮನೆಯಲ್ಲಿರಲಿಲ್ಲ. ಗುಡ್ಡದಲ್ಲಿದ್ದಾನೆ ಎಂದರು. ಗುಡ್ಡದ ಬುಡದಲ್ಲಿ ಮೇಕೆ ಕಾಯುತ್ತಿದ್ದ ಜೋಗಮ್ಮ ಎಂಬ ಮುದುಕಿ ಮೇಲಕ್ಕೆ ಕೈ ತೋರಿಸಿದಳು. ಮನೆಯಷ್ಟು ದೊಡ್ಡ ಗುಂಡುಕಲ್ಲಿನ ನೆತ್ತಿಯ ಹತ್ತಿರ ಒಬ್ಬ ಬಂಡೆಗೆ ಅಂಟಿಕೊಂಡು ಸುಣ್ಣ ಬಳಿಯುತ್ತಿದ್ದ. ಬಳ್ಳಾರಿಯ ಪೇಂಟರೊಬ್ಬ ಅಲ್ಲಿ ಬಟ್ಟೆ ಸೋಪಿನ ಜಾಹೀರಾತು ಬರೆಯುವವನಿದ್ದನಂತೆ, ಅದಕ್ಕೆ ಈ ಸುಣ್ಣ.

"ಅದೊಂದೇ ಏನವ್ವಾ," ಎಂದಳು ಜೋಗಮ್ಮ, ಕೇಳುವವರು ಸಿಕ್ಕ ಖುಷಿಗೆ. "ಮ್ಯಾಕಿ ಮ್ಯಾಲ ಸಿಕ್ಕೊಂಡ್ರ ಅವನೇ ಇಳಸಬೇಕು. ಕ್ವಾಟಿ ಗೋಡ್ಯಾಗ ಅರಳಿಗಿಡ ಹುಟ್ಟಿದ್ರ ಅವನೇ ಕೀಳಬೇಕು. ಕಾರ್ತೀಕದಾಗ ತುದಿಗೆ ದೀಪ ಇಡಾಕ ಅವನೇ. ಹ್ವಾದ ವರ್ಷ ಬೆಂಗಳೂರಿನ ಹುಡುಗರು ಹಗ್ಗ, ಕಬ್ಬಿಣ, ಬೂಟು ತಗೊಂಡು ಬಂದಿದ್ರು, ಗುಡ್ಡ ಹತ್ತಾಕ. ನಿಮಗ ಕೂಲಿ ಯಾರು ಕೊಡ್ತಾರ ಅಂತ ನಮ್ಮ ಎರ್ರಿ ಕೇಳಿದ. ಯಾರೂ ಇಲ್ಲ, ನಾವೇ ಬಸ್ ಚಾರ್ಜ್ ಹಾಕ್ಕೊಂಡು ಬಂದೀವಿ ಅಂದ್ರು. ಪಾಪ ಅನ್ನಿಸಿ ಮನಿಗೆ ಕರಕೊಂಡು ಹೋಗಿ ಎಲ್ಲಾರಿಗೂ ರೊಟ್ಟಿ ಹಾಕಿಸಿದ."

ಗಾದೆಪ್ಪ ಗೆದ್ದವನಂತೆ ಅಕ್ಕನ ಮುಖ ನೋಡಿದ. ಅಕ್ಕ ಬಂಡೆಯ ಮುಖ ನೋಡುತ್ತಿದ್ದಳು.

"ಇದನ್ನ ಹತ್ತಾಕ ರೊಕ್ಕ ಕೊಡ್ತಾರ?" ಎಂದಳು. "ಇದೇನು ಮಹಾ? ನಮ್ಮ ಹುಲ್ಲಿನ ಬಣವಿಗಿಂತ ಸುಲಭ ಐತಿ. ಇದು ಉದ್ಯೋಗ ಆದ್ರ ನಾನೂ ಮಾಡ್ತೀನಿ. ನೋಡಿಕೋತ ಇರು."

"ಅಕ್ಕಾ, ಬ್ಯಾಡ."

ಬೇಡ ಎಂದದ್ದೇ ತಪ್ಪಾಯಿತು. ಗುರುಬಸಮ್ಮ ಚಪ್ಪಲಿ ಬಿಟ್ಟು, ಸೀರೆ ಮೇಲೆ ಕಟ್ಟಿ, ಎಲೆಅಡಿಕೆಯ ಚೀಲವನ್ನು ಸೊಂಟಕ್ಕೆ ಬಿಗಿದು ಹೊರಟೇಬಿಟ್ಟಳು. ಭತ್ತದ ಗದ್ದೆಯಲ್ಲಿ ಬಾಗಿ ಬಾಗಿ ಗಟ್ಟಿಯಾದ ಮೈ. ಇಳಿಜಾರಿನ ಬಂಡೆಯನ್ನು ಕೈಕಾಲು ಊರಿಕೊಂಡು ಹತ್ತಿದಳು. ನಡುವೆ ಆಳೆತ್ತರದ ಒಂದು ಕಡಿದಾದ ಕಲ್ಲುಗೋಡೆ ಬಂತು. ಅದರ ಬಿರುಕಿನಲ್ಲಿ ಬೆರಳು ಸಿಕ್ಕಿಸಿ, ಮೊಣಕಾಲು ತರಚಿಕೊಂಡು ಅದನ್ನೂ ದಾಟಿದಳು. ಮೇಲೆ ಇಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿ ನಿಂತು, ಗಾದೆಪ್ಪನಿಗೆ ನಾಲ್ಕು ಮಾತು ಅಂದುಬಿಡೋಣವೆಂದು ತಿರುಗಿ ಕೆಳಗೆ ನೋಡಿದಳು.

ಗಾದೆಪ್ಪ ಅಂಗೈಯಗಲ ಕಾಣುತ್ತಿದ್ದ. ತಾನು ಹತ್ತಿ ಬಂದ ಬಂಡೆ ಎಲ್ಲಿ ಹೋಯಿತೋ, ಅಂಚಿನ ಆಚೆ ಬರೀ ಗಾಳಿ. ಹುಟ್ಟಿದಾಗಿನಿಂದ ಸಪಾಟು ನೆಲವನ್ನಷ್ಟೇ ನೋಡಿದ ಜೀವ ಅದು. ಮೆಲ್ಲಗೆ ಕುಳಿತು, ಎರಡೂ ಕೈಯಿಂದ ಬಂಡೆಯನ್ನು ಅವುಚಿಕೊಂಡು, ಬಸವಣ್ಣನಿಂದ ಹಿಡಿದು ಊರ ಮಾರೆಮ್ಮನವರೆಗೆ ಎಲ್ಲರನ್ನೂ ಕರೆದಳು. ಯಾರೂ ಬರಲಿಲ್ಲ. ಸುಣ್ಣದ ಬಕೆಟ್ಟು ಅಲ್ಲೇ ಬಿಟ್ಟು ಎರ್ರಿಸ್ವಾಮಿ ಬಂದ.

ಅವನು ಆ ಕಲ್ಲುಗೋಡೆಯ ಕೆಳಗೆ, ಪಾದ ಊರುವಷ್ಟೇ ಅಗಲದ ಮೆಟ್ಟಿಲಿನಂಥ ಜಾಗದ ಮೇಲೆ ಬಂದು ನಿಂತ. ಸುಣ್ಣ ಮೆತ್ತಿದ ಮುಖ, ಬಾಯಿ ತುಂಬ ನಗುವ ಹಲ್ಲು.

"ಅಮ್ಮಾರೆ, ಅರಾಮ ಅದೀರಿ?"

"ಗಾಳಿ ಛಲೋ ಬರತೈತಿ ಅಂತ ಕುಂತೀನಿ," ಎಂದಳು ಗುರುಬಸಮ್ಮ.

"ಕುಂದರ್ರಿ ಕುಂದರ್ರಿ. ಹತ್ತುವಾಗ ಏನೂ ಅನ್ನಿಸಂಗಿಲ್ಲ, ಇಳಿಯಾಕ ಅಂಗಾಲಿನಾಗ ಕಣ್ಣು ಬೇಕು. ಅದಕ್ಕ ನಾನು ಬಂದೀನಿ. ಈಗ ಹೊಟ್ಟಿ ಕೆಳಗ ಮಾಡಿ, ಕಾಲು ಜೋತು ಬಿಡ್ರಿ. ನನ್ನ ಹೆಗಲ ಮ್ಯಾಲ ಕಾಲು ಇಡ್ರಿ. ನಾ ಮೆಲ್ಲಕ ಕುಂದರತೀನಿ, ನೀವು ಹಂಗೇ ಇಳೀರಿ."

ಗುರುಬಸಮ್ಮ ಕಾಲು ಚಾಚಿದಳು. ಅರ್ಧಕ್ಕೆ ಹಿಂದೆಳೆದುಕೊಂಡಳು.

"ಆಗಂಗಿಲ್ಲ."

"ಯಾಕ್ರೀ?"

"ಯಾಕಂದ್ರ! ಕಾಲು ತೊಳದು ಕನ್ಯಾ ಕೊಡೋ ಅಳಿಯನ ಹೆಗಲ ಮ್ಯಾಲ ಅತ್ತಿ ಆದಾಕಿ ಕಾಲು ಇಡತಾಳೇನು? ಎಲ್ಲೈತಿ ಈ ಪದ್ಧತಿ?"

ಮಾತು ಬಾಯಿಂದ ಹೊರಬಿದ್ದ ಮೇಲೆ ತಾನೇನು ಅಂದೆ ಎಂದು ಅವಳಿಗೇ ಹೊಳೆಯಿತು. ಬಂಡೆಗಳ ನಡುವೆ ದನಿ ಸುತ್ತಿ ಸುತ್ತಿ ಕೆಳಗೆ ಗಾದೆಪ್ಪನವರೆಗೂ ಹೋಯಿತು. ಅವನು ಕುಣಿಯುವುದೊಂದು ಬಾಕಿ.

"ಅಳಿಯ?" ಎಂದ ಎರ್ರಿಸ್ವಾಮಿ. "ದೇಶನೂರಿನ ಅಮ್ಮಾರು ಹೌದಲ್ರೀ ನೀವು? ನಾನು ಅಳಿಯ ಯಾವಾಗ ಆದೆ?"

"ಆಗಿಲ್ಲ! ಆಗಂಗೂ ಇಲ್ಲ!"

"ಹಂಗಾದ್ರ ನಾನು ಯಾರೋ ಹೊರಗಿನವ. ಇಡ್ರಿ ಕಾಲು, ಪಾಪ ಬರಂಗಿಲ್ಲ."

ಗುರುಬಸಮ್ಮ ಪೇಚಿಗೆ ಸಿಕ್ಕಿದಳು. ಕಾಲಿಟ್ಟರೆ ಸಂಬಂಧ ಮುರಿದಂತೆ. ಮನೆಗೆ ಹೋಗಿ ಕೊಟ್ರಮ್ಮನ ಮುಂದೆ ಏನೆಂದು ಹೇಳುವುದು? ನಿನ್ನ ಗಂಡನಾಗುವವನನ್ನು ತುಳಿದು ಬಂದೆ ಎಂದೇ? ಇಡದಿದ್ದರೆ ಸೋಪಿನ ಜಾಹೀರಾತಿನ ಪಕ್ಕದಲ್ಲೇ ಉಳಿದ ಆಯುಷ್ಯ ಕಳೆಯಬೇಕು. ಬಿಸಿಲು ಇಳಿಯುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿ ಒಂದು ದಾರಿ ಕಂಡುಹಿಡಿದಳು.

"ನಿನ್ನ ನನ್ನ ಮಗ ಅನ್ಕೋತೀನಿ. ತಾಯಿ ಕಾಲು ಮಗನ ಹೆಗಲಿಗೆ ತಾಗಿದ್ರ ಏನೂ ಆಗಂಗಿಲ್ಲ."

"ಅದು ಮಾತ್ರ ಬ್ಯಾಡ್ರಿ!" ಎರ್ರಿಸ್ವಾಮಿ ಗಾಬರಿಯಲ್ಲಿ ಹಿಡಿದ ಬಂಡೆಯನ್ನು ಬಿಟ್ಟೇಬಿಡುವುದರಲ್ಲಿದ್ದ. "ನಾ ನಿಮ್ಮ ಮಗ ಆದ್ರ ಕೊಟ್ರಮ್ಮ ನನಗ ತಂಗಿ ಆಗತಾಳ. ನೀವು ಬೇಕಾದ್ರ ನಾಳಿ ತನ ಅಲ್ಲೇ ಕುಂದರ್ರಿ."

ಮಗಳ ಹೆಸರು ಇವನಿಗೆ ಹೇಗೆ ಗೊತ್ತು ಎಂದು ಗುರುಬಸಮ್ಮ ಹುಬ್ಬು ಗಂಟಿಕ್ಕಿದಳು. ತುತ್ತೂರಿ ಕಟ್ಟಿದವನೂ ಮೇಲಿನಿಂದ ಕೆಳಗೆ ನೋಡಿರಬೇಕು. ಆದರೆ ವಿಚಾರಣೆಗೆ ಇದು ಜಾಗವಲ್ಲ.

"ಮ್ಯಾಕಿ ಇಳಸಾಕ ಏನು ತಗೋತಿ?" ಎಂದು ಕೇಳಿದಳು.

"ಎರಡು ರೂಪಾಯಿ."

"ನನ್ನೂ ಅದೇ ರೇಟಿನಾಗ ಇಳಸು. ಕೂಲಿ ಕೊಟ್ಟ ಮ್ಯಾಲ ನೀನು ಕೂಲಿಯವ, ನಾನು ಕೊಟ್ಟಾಕಿ. ಅತ್ತಿ ಇಲ್ಲ, ಅಳಿಯ ಇಲ್ಲ. ಕೆಲಸ ಮುಗಿದ ಮ್ಯಾಲ ಮುಂದಿಂದು ಮುಂದ."

"ಮ್ಯಾಕಿ ಇಷ್ಟು ತೂಕ ಇರಂಗಿಲ್ರೀ. ಇಷ್ಟು ಮಾತೂ ಆಡಂಗಿಲ್ಲ."

"ಎರಡೂವರಿ. ಒಂದು ಪೈಸಾ ಹೆಚ್ಚಿಗಿ ಇಲ್ಲ."

"ಮದಲ ಕೈಯಾಗ ಬರಲಿ. ಇಲ್ಲಂದ್ರ ನಾನು ಇನ್ನೂ ಅಳಿಯನೇ."

ಗುರುಬಸಮ್ಮ ಒಂದು ಕೈಯಿಂದ ಬಂಡೆ ಹಿಡಿದು, ಇನ್ನೊಂದರಿಂದ ಎಲೆಅಡಿಕೆಯ ಚೀಲ ತಡಕಿ, ನೋಟು ಚಿಲ್ಲರೆ ತೆಗೆದು ಕೆಳಗೆ ಚಾಚಿದಳು. ಇದನ್ನು ಹತ್ತಿಳಿಯಲು ಯಾರು ರೊಕ್ಕ ಕೊಡುತ್ತಾರೆ ಎಂದು ಕೇಳಿದವಳು ತಾನೇ ಎನ್ನುವುದು ಆ ಹೊತ್ತಿಗೆ ಅವಳಿಗೆ ನೆನಪಾಗಲಿಲ್ಲ. ಕೆಳಗಿದ್ದ ಗಾದೆಪ್ಪನಿಗೆ ಚೆನ್ನಾಗಿ ನೆನಪಿತ್ತು. ಎರ್ರಿಸ್ವಾಮಿ ಹಣವನ್ನು ಜೇಬಿಗಿಳಿಸಿ ಬಂಡೆಗೆ ಮುಖ ಮಾಡಿ ನಿಂತ. ಇಷ್ಟೆಲ್ಲ ಕರಾರಾದರೂ ಅವಳ ಮನಸ್ಸು ಕೇಳದೆ, ತಪ್ಪಾಯಿತೆನ್ನುವಂತೆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಅವನ ಹೆಗಲ ಮೇಲೆ ಕಾಲಿಟ್ಟಳು.

ಹೆಗಲು ನಡುಗುತ್ತಿತ್ತು. ಸಣ್ಣಗೆ, ಒಂದೇ ಸಮನೆ. ಅವನು ಬಾಯಿಯಲ್ಲಿ "ಹ್ಞಾ, ಬರ್ರಿ, ಇನ್ನೊಂದು ಕಾಲು, ಅವಸರ ಬ್ಯಾಡ" ಎನ್ನುತ್ತಲೇ ಇದ್ದ. ಕಲ್ಲುಗೋಡೆ ದಾಟಿದ್ದಾಯಿತು. ಅಲ್ಲಿಂದ ಮುಂದೆ ಅವಳ ಒಂದೊಂದು ಪಾದವನ್ನೂ ಕೈಯಿಂದ ಹಿಡಿದು, ಊರುವ ಜಾಗದಲ್ಲಿ ಊರಿಸಿ, ಗಟ್ಟಿಯಾಯಿತೇ ಎಂದು ಕೇಳಿ, ಆಮೇಲೆ ಇನ್ನೊಂದನ್ನು ಹಿಡಿದ. ನೆಲ ಬಂದಾಗ ಗುರುಬಸಮ್ಮ ಧೊಪ್ಪೆಂದು ಕುಳಿತಳು. ಗಾದೆಪ್ಪ ನೀರು ತರಲು ಓಡಿದ.

"ನಿನ್ನ ಹೆಗಲು ಯಾಕ ಅದುರತಿತ್ತು?" ಎಂದು ಅವಳು ಕೇಳಿದಳು.

"ನಿಮ್ಮ ತೂಕ್ರೀ."

"ಸುಳ್ಳು ಹೇಳಬ್ಯಾಡ. ಭತ್ತದ ಮೂಟಿ ಹೊತ್ತವರನ್ನ ಸಣ್ಣಾಕಿದ್ದಾಗಿಂದ ನೋಡೀನಿ. ತೂಕಕ್ಕ ಅದುರೂದು ಬ್ಯಾರೆ, ಅಂಜಿಕಿಗೆ ಅದುರೂದು ಬ್ಯಾರೆ."

ಎರ್ರಿಸ್ವಾಮಿಯ ಹಲ್ಲು ಒಳಗೆ ಹೋದವು. ಅತ್ತ ಇತ್ತ ನೋಡಿ, ದನಿ ತಗ್ಗಿಸಿದ.

"ಅಂಜಿಕಿ ಐತ್ರಿ. ಇವತ್ತಂತಲ್ಲ, ದಿನಾ ಐತಿ. ಒಂದೊಂದು ಸಲ ಅರ್ಧ ಹತ್ತಿರತೀನಿ, ಯಾಕೋ ಈ ಹೊತ್ತು ಬ್ಯಾಡ ಅನ್ನಸತೈತಿ. ಸುಮ್ಮನ ಇಳದು ಬಂದು, ಸುಣ್ಣ ಖಾಲಿ ಆತು ಅಂತ ಮಂದಿಗೆ ಹೇಳತೀನಿ. ಕೈ ಮುಗೀತೀನಿ, ಯಾರ ಮುಂದೂ ಅನಬ್ಯಾಡ್ರಿ. ಅಂಜುಬುರುಕ ಅಂತ ಗೊತ್ತಾದ್ರ ಯಾರೂ ಕೆಲಸಕ್ಕ ಕರಿಯಂಗಿಲ್ಲ. ನನ್ನ ಹೊಟ್ಟಿಪಾಡು."

ಗುರುಬಸಮ್ಮ ಅವನನ್ನೇ ನೋಡಿದಳು. ಅಂದು ಹೊಳೆಯ ದಡದಲ್ಲಿ ತನ್ನ ಗಂಡ ಇಷ್ಟೇ ಒಂದು ಮಾತು ಆಡಿದ್ದರೆ, ಈ ಹೊತ್ತು ಬೇಡ ಎಂದು ಅಂದಿದ್ದರೆ, ಮಂದಿ ನಕ್ಕರೆ ನಗಲಿ ಎಂದು ಮನೆಗೆ ಬಂದಿದ್ದರೆ! ಅವಳಿಗೆ ಅಳು ಬಂತು, ಹಾಗೆಯೇ ಯಾವತ್ತೂ ಇಲ್ಲದ ನೆಮ್ಮದಿಯೂ ಆಯಿತು. ಎದ್ದು ನಿಂತು, ಮೇಲೆ ಕಟ್ಟಿದ್ದ ಸೀರೆ ಬಿಚ್ಚಿ ಸರಿಮಾಡಿಕೊಂಡು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅವನಿಗೆ ಅರ್ಧ ಬೆನ್ನು ಮಾಡಿ ನಿಂತಳು. ಇನ್ನು ಅಳಿಯನ ಮುಂದೆ ನಿಂತು ನೇರವಾಗಿ ಮಾತಾಡುವ ಹಾಗಿಲ್ಲ.

ಅಷ್ಟರಲ್ಲಿ ಗಾದೆಪ್ಪ ಚೊಂಬು ಹಿಡಿದು ಬಂದ. ಅಕ್ಕನ ಸೆರಗು ನೋಡಿ ಅವನ ಕಣ್ಣು ಅರಳಿದವು.

"ಗಾದೆಪ್ಪಾ," ಎಂದಳು ಗುರುಬಸಮ್ಮ, "ಅವರಿಗೆ ಹೇಳು. ಸುಣ್ಣ ಖಾಲಿ ಆದಾಗೆಲ್ಲ ಸೀದಾ ಮನಿಗೆ ಬರ್ರಿ ಅನ್ನು. ಮನ್ಯಾಗ ಕೊಟ್ರಮ್ಮ ಇರತಾಳ."